ಕ್ರಯಪತ್ರವೂ ಒಡೆತನವೂ: ಬೆಂಗಳೂರಿನ ಸಣ್ಣ ನಿವೇಶನ ಖರೀದಿದಾರನ ಸಮಸ್ಯೆಗಳು

ಬೆಂಗಳೂರಿನ ಸುತ್ತಣ ಹೊಲಗಳಲ್ಲಿ ಕಲ್ಲು ನೆಟ್ಟು, ಮಣ್ಣುರಸ್ತೆ ಎಳೆದು, 30×40 ಅಡಿಯ ನಿವೇಶನಗಳೆಂದು ಮಾರುವ ವ್ಯವಹಾರದಲ್ಲಿ ನಿವೃತ್ತಿಯ ಗಂಟನ್ನೋ ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನೋ ತೊಡಗಿಸುವ ಗೃಹಸ್ಥನು, “ರಿಜಿಸ್ಟರ್ ಆಯಿತು” ಎಂಬ ಮಾತು ಕಿವಿಗೆ ಬಿದ್ದೊಡನೆ ನಿಶ್ಚಿಂತನಾಗುತ್ತಾನೆ. ಈ ನಿಶ್ಚಿಂತತೆಗೆ ಶಾಸನದಲ್ಲಿ ಎಷ್ಟರಮಟ್ಟಿಗೆ ಆಧಾರವುಂಟೆಂಬುದೇ ಪ್ರಕೃತ ಲೇಖನದ ವಿಚಾರ.

ನೂರು ರೂಪಾಯಿ ಹಾಗೂ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಸ್ವತ್ತಿನ ಕ್ರಯವು ನೋಂದಾಯಿತ ಪತ್ರದಿಂದಲೇ ಆಗತಕ್ಕದ್ದೆಂದು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 54ನೆಯ ಪ್ರಕರಣವು ವಿಧಿಸಿರುವುದು ನಿಜ. ಆದರೆ 1908ರ ನೋಂದಣಿ ಅಧಿನಿಯಮದ ಮೇರೆಗೆ ದಾಖಲಾಗುವುದು ಪತ್ರವೇ ಹೊರತು ಹಕ್ಕಲ್ಲ. ದಕ್ಷಿಣ ಆಸ್ಟ್ರೇಲಿಯಾದಲ್ಲಿ 1858ರಲ್ಲಿ ಜಾರಿಗೆ ಬಂದ ಟಾರೆನ್ಸ್ ಪದ್ಧತಿಯಲ್ಲಿ ಸರ್ಕಾರದ ವಹಿಯೇ ಒಡೆತನಕ್ಕೆ ಹೊಣೆಯಾಗಿ ನಿಲ್ಲುತ್ತದೆ. ನಮ್ಮ ಸಬ್ ರಿಜಿಸ್ಟ್ರಾರರಿಗಾದರೋ, ಮಾರುವವನು ನಿಜವಾಗಿ ಒಡೆಯನೇ ಎಂದು ವಿಚಾರಿಸುವ ಅಧಿಕಾರವೇ ಇಲ್ಲ. ಹಕ್ಕಿನ ಮೂಲಪತ್ರವನ್ನು ಹಾಜರುಪಡಿಸದಿದ್ದರೆ ನೋಂದಣಿಯನ್ನು ನಿರಾಕರಿಸಬಹುದೆಂಬ ತಮಿಳುನಾಡಿನ ನಿಯಮವನ್ನು 2025ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಾರಣದಿಂದಲೇ ಅಸಿಂಧುಗೊಳಿಸಿತು. ಮಾರುವವನಿಗೆ ಹಕ್ಕಿಲ್ಲದಿದ್ದರೂ ಪತ್ರವು ನೋಂದಣಿಯಾದೀತು; ಕೊಂಡವನಿಗೆ ಮಾತ್ರ ಏನೂ ದಕ್ಕದು.

ಆದಕಾರಣ ವಿಚಾರಣೆಯ ಭಾರವೆಲ್ಲವೂ ಕೊಳ್ಳುವವನ ಹೆಗಲಿಗೇ ಬೀಳುತ್ತದೆ. ಅದಕ್ಕಾಗಿ ಅವನು ಮೊದಲು ನೆಚ್ಚುವುದು, ಜನರು ಇ.ಸಿ. ಎಂದು ಕರೆಯುವ ಋಣಭಾರ ಪ್ರಮಾಣಪತ್ರವನ್ನು. ನಮೂನೆ 16 ಕೈಗೆ ಬಂದರೆ, ಅಂದರೆ ಅರ್ಜಿಯಲ್ಲಿ ಕೇಳಿದ ಅವಧಿಯಲ್ಲಿ ಯಾವ ವ್ಯವಹಾರವೂ ದಾಖಲಾಗಿಲ್ಲವೆಂದಾದರೆ, ಸ್ವತ್ತು ನಿರ್ಮಲವೆಂದು ಅವನು ತಿಳಿಯುತ್ತಾನೆ. ಆದರೆ ನೋಂದಣಿಗೆ ಬಾರದ ಉಯಿಲು, ಬಾಯಿಮಾತಿನ ವಿಭಾಗ, ಸಿವಿಲ್ ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ, ಇವು ಯಾವುವೂ ಅದರಲ್ಲಿ ಕಾಣಿಸಬೇಕೆಂದಿಲ್ಲ. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲವೂ ಕೆಲವೊಮ್ಮೆ ಹೀಗೆಯೇ ಮರೆಯಾಗಿರುತ್ತದೆ. ಮಾರುವವನು ಜೆರಾಕ್ಸ್ ಪ್ರತಿಗಳನ್ನಷ್ಟೇ ಹರಡಿ ಮೂಲಪ್ರತಿಯನ್ನು “ನಾಳೆ ತೋರಿಸುತ್ತೇನೆ” ಎನ್ನುತ್ತಿದ್ದರೆ ಆ ನಾಳೆಯ ತನಕ ಹಣ ಕೊಡದಿರುವುದೇ ಲೇಸು.

ಕ್ರಯಪತ್ರದಲ್ಲಿ ಅತ್ಯಂತ ಅವಧಾನದಿಂದ ಓದತಕ್ಕ ಭಾಗವು ಕೊನೆಯ ಷೆಡ್ಯೂಲು. ದುರದೃಷ್ಟವಶಾತ್ ಯಾರೂ ಓದದ ಭಾಗವೂ ಅದೇ. “ಸರ್ವೆ ನಂಬರಿನ ಪೈಕಿ” ಎಂಬಲ್ಲಿನ ಪೈಕಿ ಎಂಬ ಪುಟ್ಟ ಶಬ್ದದೊಳಗೆ ಎಷ್ಟೋ ವ್ಯಾಜ್ಯಗಳ ಬೀಜವಿದೆ. ಚಕ್ಕುಬಂದಿಯಲ್ಲಿ “ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಮಾರುವವರ ಉಳಿಕೆ ಜಮೀನು” ಎಂದಿದ್ದು, ಆ ಉಳಿಕೆಯ ಅಳತೆಯನ್ನು ಎಲ್ಲಿಯೂ ಹೇಳದಿದ್ದರೆ, ಎಲ್ಲೆಯು ಆ ದಿಕ್ಕಿಗೆ ಸರಿಯುತ್ತ ಹೋಗಲು ಅಡ್ಡಿಯೇನು? ಇರುವ ನೆಲಕ್ಕಿಂತ ಹೆಚ್ಚು ನಿವೇಶನಗಳನ್ನು ಮಾರಿದ್ದಾರೆಯೇ ಎಂದು ತಿಳಿಯಲು ಒಂದು ಸರಳ ಲೆಕ್ಕವುಂಟು: ಎಕರೆಗೆ 40 ಗುಂಟೆ, ಗುಂಟೆಗೆ 1089 ಚದರಡಿ. ರಸ್ತೆಗೆ ಗೇಣು ನೆಲವನ್ನೂ ಬಿಡದೆ ಅಳೆದರೂ ಒಂದು ಎಕರೆಯಲ್ಲಿ 1200 ಚದರಡಿಯ ನಿವೇಶನಗಳು 36ಕ್ಕಿಂತ ಹೆಚ್ಚು ಹಿಡಿಯವು. ಮಾರಾಟವಾದ ನಿವೇಶನಗಳ ಸಂಖ್ಯೆಯನ್ನು ಇ.ಸಿ.ಯಿಂದ ಎಣಿಸಿ ಈ ಲೆಕ್ಕಕ್ಕೆ ಹೋಲಿಸಿದರೆ, ನ್ಯಾಯಾಲಯವು ವರ್ಷಗಟ್ಟಲೆ ಶೋಧಿಸುವ ಸತ್ಯವು ಕೆಲವೊಮ್ಮೆ ಅರ್ಧ ಗಂಟೆಯಲ್ಲಿ ಹೊರಬೀಳುವುದುಂಟು.

ಇನ್ನೂ ಗಹನವಾದ ಅಪಾಯವು ಭೂಮಿಯ ಪೂರ್ವಚರಿತ್ರೆಯಲ್ಲಿದೆ. ಜನರು ಪಿ.ಟಿ.ಸಿ.ಎಲ್. ಎಂದು ಕರೆಯುವ 1978ರ ಕರ್ನಾಟಕ ಅಧಿನಿಯಮದ ಪ್ರಕಾರ, ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತಿಗೆ ವಿರುದ್ಧವಾಗಿ ಪರಭಾರೆ ಮಾಡಿದರೆ ಆ ಕ್ರಯವು ಶೂನ್ಯ; ಭೂಮಿಯು ಮಂಜೂರುದಾರನಿಗೋ ಅವನ ವಾರಸುದಾರರಿಗೋ ಮರಳತಕ್ಕದ್ದು. ಇಂಥ ಅರ್ಜಿಗಳು ಯುಕ್ತ ಕಾಲದೊಳಗೆ ಬರಬೇಕೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿದ್ದರೂ, 2023ರ ತಿದ್ದುಪಡಿಯು ಅವಕ್ಕೆ ಕಾಲಮಿತಿಯೇ ಇಲ್ಲವೆಂದು ವಿಧಿಸಿತು. ನಿರ್ಗತಿಕರ ಭೂಮಿಯನ್ನು ಅವರಿಂದ ಕಸಿಯಬಾರದೆಂಬ ಅಧಿನಿಯಮದ ಆಶಯವು ಸರ್ವಥಾ ನ್ಯಾಯವಾದದ್ದೇ. ನಾಲ್ಕನೆಯ ಕೈಯಲ್ಲಿ ಕೊಂಡ ಅಮಾಯಕನೇ ಅದರ ದಂಡವನ್ನು ತೆರುವುದು ಮಾತ್ರ ಶೋಚನೀಯ. ಪಹಣಿಯನ್ನಷ್ಟೇ ನೋಡಿ ತೃಪ್ತನಾಗದೆ ತಾಲ್ಲೂಕು ಕಚೇರಿಯ ಮಂಜೂರಾತಿ ಕಡತವನ್ನು ಹುಡುಕಿಸುವುದೊಂದೇ ಇದಕ್ಕೆ ಪರಿಹಾರ.

ಜಿ.ಪಿ.ಎ. ಎಂಬ ಸಾಮಾನ್ಯ ಅಧಿಕಾರಪತ್ರದ ಮೂಲಕ ನಡೆಯುವ ಮಾರಾಟದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ: ಅದರಿಂದ ಒಡೆತನ ಬಾರದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿಯೇ ನಿರ್ಣಯಿಸಿದೆ. ಖಾತೆಯೂ ಕಂದಾಯ ವಸೂಲಿಯ ದಾಖಲೆಯೇ ಹೊರತು ಹಕ್ಕುಪತ್ರವಲ್ಲ. ಭೂಪರಿವರ್ತನೆಯಾಗದ ರೆವಿನ್ಯೂ ಸೈಟಿಗೆ, ಸಕ್ರಮವಲ್ಲದ ಸ್ವತ್ತುಗಳಿಗೆ ಬೇರೆ ವಹಿಯಲ್ಲಿ ಮಾಡಿಕೊಡುವ ಬಿ ಖಾತೆ ದೊರೆತ ಮಾತ್ರಕ್ಕೆ ಅದು ಸಕ್ರಮವಾಗದು.

ಖರೀದಿದಾರರ ರಕ್ಷಣೆಗೆಂದು ಬಂದ, ರೇರಾ ಎಂದು ಕರೆಯುವ 2016ರ ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯಿದೆಯು ಖರೀದಿದಾರರಿಂದ ಬಂದ ಹಣದ ಶೇಕಡಾ 70ರಷ್ಟನ್ನು ಪ್ರತ್ಯೇಕ ಲೆಕ್ಕದಲ್ಲಿಡಿಸಿ, ನೋಂದಾಯಿತ ಕರಾರಿಲ್ಲದೆ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವುದನ್ನು ನಿಷೇಧಿಸಿತು. ಆದರೆ 500 ಚದರ ಮೀಟರಿಗೆ ಮೀರದ ಯೋಜನೆಗಳಿಗೆ ಅದರ ನೋಂದಣಿಯಿಂದ ವಿನಾಯಿತಿಯುಂಟು. ಈ ಮಿತಿಯೊಳಗೆ 30×40ರ ನಾಲ್ಕು ನಿವೇಶನಗಳು ಸುಖವಾಗಿ ಅಡಗುತ್ತವೆ. ಅಂಥಲ್ಲಿ ಕೊಳ್ಳುವವನಿಗೆ ತನ್ನ ಎಚ್ಚರವೇ ದಿಕ್ಕು. ಮುಂಗಡ ಕೊಟ್ಟಾದ ಮೇಲೆ ವಕೀಲರನ್ನು ಹುಡುಕುವ ನಮ್ಮವರ ರೂಢಿಯು ಮೊದಲು ತಪ್ಪಬೇಕು.