ಪಿ53: ಹತ್ತು ವರ್ಷ ಕಳ್ಳ ಅನ್ನಿಸಿಕೊಂಡ ಕಾವಲುಗಾರ

ರಕ್ತದ ಕಥೆಗಳು, ಭಾಗ 6. ಸ್ವಲ್ಪ ಉದ್ದ ಇದೆ, ಸೇವ್ ಮಾಡಿಟ್ಟು ಆಮೇಲಾದ್ರೂ ಓದಿ 🩸

ಬಯಾಲಜಿ ಕ್ಲಾಸಲ್ಲಿ ಪಿ53 ಅಂದ್ರೆ ಕ್ಯಾನ್ಸರ್ ತಡೆಯೋ ಪ್ರೋಟೀನ್ ಅಂತ ಒಂದು ಸಾಲು ಬರೆಸಿ ಮುಂದೆ ಹೋಗ್ತಾರೆ, ಅಲ್ವಾ? 1979ರಲ್ಲಿ ಲಂಡನ್ನಿನ ಡೇವಿಡ್ ಲೇನ್, ಪ್ರಿನ್ಸ್‌ಟನ್ನಿನ ಆರ್ನಾಲ್ಡ್ ಲೆವಿನ್ ಮುಂತಾದವರು ಇದನ್ನ ಕಂಡುಹಿಡಿದ ಮೇಲೆ ವಿಜ್ಞಾನಿಗಳು ನಂಬಿದ್ದು ಪೂರ್ತಿ ಉಲ್ಟಾ. ಗಡ್ಡೆಯ ಕೋಶಗಳಲ್ಲಿ ಇದು ರಾಶಿ ರಾಶಿ ಸಿಗ್ತಿತ್ತು, ಆರೋಗ್ಯವಾದ ಕೋಶದಲ್ಲಿ ಕಾಣ್ತಾನೇ ಇರಲಿಲ್ಲ. ಹಾಗಾದ್ರೆ ಕ್ಯಾನ್ಸರ್ ತರೋದೇ ಇದು ಅನ್ನೋ ತೀರ್ಮಾನ!

1989ರಲ್ಲಿ ಬಾಲ್ಟಿಮೋರಿನ ಬರ್ಟ್ ವೋಗೆಲ್‌ಸ್ಟೈನ್ ತಂಡ ಕರುಳಿನ ಕ್ಯಾನ್ಸರ್ ಪರೀಕ್ಷಿಸಿದಾಗ ಈ ಜೀನಿನ ಒಂದು ಪ್ರತಿ ಕಳೆದುಹೋಗಿತ್ತು, ಇನ್ನೊಂದು ಕೆಟ್ಟಿತ್ತು. ಒಳ್ಳೆಯ ಪಿ53 ತಯಾರಾದ ಸ್ವಲ್ಪ ಹೊತ್ತಿಗೇ ಕೋಶ ಅದನ್ನ ಕರಗಿಸಿಬಿಡುತ್ತೆ, ಡಿಎನ್‌ಎಗೆ ಪೆಟ್ಟಾದಾಗ ಮಾತ್ರ ಉಳಿಸಿಕೊಳ್ಳುತ್ತೆ. ಕೆಟ್ಟ ಪಿ53 ಕರಗದೆ ಶೇಖರವಾಗುತ್ತೆ. ಅಷ್ಟು ವರ್ಷ ಎಲ್ಲರಿಗೂ ಕಂಡಿದ್ದು ಈ ರಾಶಿ.

ಈಗ ಸಿಎಲ್‌ಎಲ್‌ಗೆ ಬರೋಣ. ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೀಮಿಯಾ, ಹೆಚ್ಚಾಗಿ ವಯಸ್ಸಾದವರಿಗೆ ಬರೋ ರಕ್ತದ ಕ್ಯಾನ್ಸರ್. ಕೆಲವರು ಔಷಧಿಯೇ ಇಲ್ಲದೆ ವರ್ಷಗಟ್ಟಲೆ ಆರಾಮಾಗಿರ್ತಾರೆ, ಕೆಲವರು ಬೇಗ ಹೋಗಿಬಿಡ್ತಾರೆ. 1975ರಲ್ಲಿ ಕಾಂತಿ ರೈ (ನ್ಯೂಯಾರ್ಕಿನ ವೈದ್ಯರು, ಹುಟ್ಟಿದ್ದು ರಾಜಸ್ಥಾನದಲ್ಲಿ!) ಗಂಟು, ಗುಲ್ಮ, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ನೋಡಿ ಹಂತ ಹೇಳೋ ಕ್ರಮ ಕೊಟ್ಟರು. ಇವತ್ತಿಗೂ ಅದನ್ನ ಬಳಸ್ತಾರೆ. ಆದರೆ ಒಂದೇ ಹಂತದ ಇಬ್ಬರ ಹಣೆಬರಹ ಯಾಕೆ ಬೇರೆ ಅಂತ ಅದು ಹೇಳ್ತಿರಲಿಲ್ಲ.

2000ದಲ್ಲಿ ಜರ್ಮನಿಯ ಉಲ್ಮ್‌ನಲ್ಲಿ ಹಾರ್ಟ್‌ಮುಟ್ ಡೋಹ್ನರ್ ತಂಡ 325 ರೋಗಿಗಳ ಕ್ರೋಮೋಸೋಮ್ ನೋಡಿತು. ಪಿ53 ಜೀನ್ ಇರೋದು 17ನೇ ಕ್ರೋಮೋಸೋಮಿನ ಗಿಡ್ಡ ತೋಳಿನಲ್ಲಿ. ಆ ತುಂಡು ಕಳಕೊಂಡವರು ಶೇ. 7, ಅವರಲ್ಲಿ ಅರ್ಧದಷ್ಟು ಜನ 32 ತಿಂಗಳೂ ಬದುಕಲಿಲ್ಲ. 13ನೇ ಕ್ರೋಮೋಸೋಮಿನ ತುಂಡು ಮಾತ್ರ ಹೋಗಿದ್ದವರಲ್ಲಿ ಅದೇ ಲೆಕ್ಕ 133 ತಿಂಗಳು. ಕಾಯಿಲೆಯ ಹೆಸರು ಮಾತ್ರ ಒಂದೇ.

ಕಾರಣ ಔಷಧಿಯಲ್ಲೇ ಇತ್ತು. ಆಗಿನ ಕ್ಲೋರಾಂಬ್ಯುಸಿಲ್, ಫ್ಲುಡರಾಬಿನ್ ಡಿಎನ್‌ಎಗೆ ಹೊಡೀತಿದ್ವು. ಹೊಡೆತ ಬಿದ್ದ ಕೋಶಕ್ಕೆ "ಸಾಯಿ" ಅಂತ ಹೇಳಬೇಕಾದ್ದು ಪಿ53. ಅದೇ ಇಲ್ಲದಿದ್ರೆ? ರೋಗಿ ಸುಸ್ತಾಗ್ತಾನೆ, ಕ್ಯಾನ್ಸರ್ ಕೋಶ ಹಾಗೇ ಇರುತ್ತೆ.

ದಾರಿ ತೆರೆದಿದ್ದು ಪಿ53ಯನ್ನ ಕಾಯದ ಔಷಧಿಗಳು. 2014ರಲ್ಲಿ ಸಿಎಲ್‌ಎಲ್‌ಗೆ ಅಮೆರಿಕದ ಒಪ್ಪಿಗೆ ಪಡೆದ ಇಬ್ರುಟಿನಿಬ್ ಕೋಶಕ್ಕೆ ಬದುಕು ಅನ್ನೋ ಸಂದೇಶವನ್ನೇ ತಡೆಯುತ್ತೆ. 2016ರ ವೆನೆಟೊಕ್ಲಾಕ್ಸ್, ಸಾವನ್ನ ತಡೆದಿಟ್ಟ ಬಿಸಿಎಲ್2 ಪ್ರೋಟೀನಿನ ಕೈ ಕಟ್ಟುತ್ತೆ. ಅದಕ್ಕೆ ಮೊದಲು ಒಪ್ಪಿಗೆ ಸಿಕ್ಕಿದ್ದೇ ಈ 17ನೇ ತುಂಡು ಕಳಕೊಂಡವರಿಗೆ. ಪೂರ್ತಿ ಗೆದ್ವಿ ಅನ್ನೋ ಹಾಗಿಲ್ಲ, ಇವರಲ್ಲಿ ಕಾಯಿಲೆ ಬೇಗ ಮರಳೋದು ಈಗಲೂ ಹೆಚ್ಚು. ಚಿಕಿತ್ಸೆಗೆ ಮುಂಚೆ ಈ ಪರೀಕ್ಷೆ ಮಾಡಿಸೋದು ಅದಕ್ಕೇ.

ನಿಮ್ಮನೇಲಿ ಅಜ್ಜನಿಗೋ ದೊಡ್ಡಮ್ಮನಿಗೋ ಸಿಎಲ್‌ಎಲ್ ಇದ್ದು, ಗೂಗಲ್‌ನಲ್ಲಿ ಆ 32 ತಿಂಗಳು ಕಣ್ಣಿಗೆ ಬಿದ್ರೆ ಇಸವಿ ನೋಡಿ. ಅದು ಹಳೇ ಔಷಧಿಗಳ ಕಾಲದ ಲೆಕ್ಕ.

#ರಕ್ತದಕಥೆಗಳು #ಕನ್ನಡದಲ್ಲಿವಿಜ್ಞಾನ