ಬೂಸಾ ಯಾವುದು, ಕಾಳು ಯಾವುದು?

ನಮ್ಮ ದಂಡಿಗನಹಳ್ಳಿ ಕಡೆ ಬೂಸಾ ಅಂದರೆ ದನದ ಮೇವು, ಬೈಗುಳವಲ್ಲ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲನ್ನು ಬೂಸಾ ಎಂದದ್ದೇ ಗಲಭೆಗೆ ನೆಪವಾಯಿತು. ದಲಿತ ವಿದ್ಯಾರ್ಥಿಗಳು ಏಟು ತಿಂದರು. ಮಂತ್ರಿ ರಾಜೀನಾಮೆ ಕೊಟ್ಟರು. ಮಾತಿಗೆ ಮಾತು ಬರಲಿಲ್ಲ, ಹೊಡೆತ ಬಂತು.

ಉತ್ತರ ಬರೆದದ್ದು ಏಟು ತಿಂದ ತಲೆಮಾರೇ. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಮುಂದೆ ಅವರು ಗ್ರಾಮದೇವತೆಗಳ ಮೇಲೆ ಸಂಶೋಧನೆ ಮಾಡಿ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕರಾದರು.

ನಮ್ಮದೇ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲೇ ಅಚ್ಚು ಹಾಕಿಸಿದ್ದರು. ಕಲ್ಲಿನ ಮೇಲಿದ್ದದ್ದು ಚರಿತ್ರೆಯಾಯಿತು. ಕೇರಿಯ ಬಾಯಲ್ಲಿದ್ದದ್ದು ಕಾಯಬೇಕಾಯಿತು. ನಾನು ಕೇಳೋದಿಷ್ಟೆ: ಕಾಳು, ಬೂಸಾ ಬೇರೆ ಮಾಡೋರು ಯಾರು? ಮೊರ ಈಗ ನಮ್ಮ ಹುಡುಗ ಹುಡುಗಿಯರ ಕೈಯಲ್ಲೂ ಇದೆ. ಕೇರಲಿ, ನಮ್ಮ ಬರಹವನ್ನೂ ಬಿಡದೆ ಕೇರಲಿ.