ಪ್ರಾಕ್ತನ ಸಂಶೋಧನ ಸಂಘಗಳ ವಾರ್ತಾಪುಟ ಮತ್ತು ಹಸ್ತಪ್ರತಿ ವಿದ್ವಾಂಸರು: ಸಾರವಾಡ ಸೀಮೆಯ ಹಿನ್ನೆಲೆಯಲ್ಲಿ

ಶ್ರವಣಬೆಳ್ಗೊಳದ ಶಾಸನಗಳನ್ನು ಬಿ. ಎಲ್. ರೈಸ್ ಅವರು 1889ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದಾಗ ಅವುಗಳ ಸಂಖ್ಯೆ 144 ಆಗಿದ್ದಿತು. ಆರ್. ನರಸಿಂಹಾಚಾರ್ಯರು 1923ರಲ್ಲಿ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಅದು 500ಕ್ಕೆ ಏರಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಆವೃತ್ತಿಯಲ್ಲಿ 573 ಆಯಿತು. ಬೆಟ್ಟಗಳೂ ಊರೂ ಅವೇ ಆಗಿದ್ದವು. ಹೆಚ್ಚಿದುದು ಹುಡುಕಿದವರ ಶ್ರಮ. ಸಾವಿರಾರು ಯಾತ್ರಿಕರೂ ಪಂಡಿತರೂ ನಿತ್ಯ ನಡೆದಾಡುವ ತೀರ್ಥಕ್ಷೇತ್ರದಲ್ಲಿಯೇ ಶಾಸನಗಳ ಎಣಿಕೆ ಪೂರ್ಣಗೊಳ್ಳಲು ಇಷ್ಟು ಕಾಲ ಬೇಕಾಯಿತೆಂದ ಮೇಲೆ, ವಿದ್ವಾಂಸರು ಅಪರೂಪವಾಗಿ ಕಾಲಿಡುವ ಗ್ರಾಮಗಳ ಸ್ಥಿತಿ ಹೇಗಿರಬಹುದೆಂಬುದು ವಿಚಾರಾರ್ಹವಾಗಿದೆ.

ವಿಜಯಪುರದಿಂದ ಬಬಲೇಶ್ವರದತ್ತ ಸಾಗುವ ಮಾರ್ಗದಲ್ಲಿ, ಡೋಣಿ ನದಿಯ ಎರೆಭೂಮಿಯಲ್ಲಿರುವ ಸಾರವಾಡವು ಅಂಥ ಗ್ರಾಮಗಳಿಗೆ ನಿದರ್ಶನವಾಗಬಲ್ಲುದು. ವಿಜಯಪುರದ ಸುತ್ತಣ ಈ ಸೀಮೆಯು ಶಾಸನಗಳಲ್ಲಿ ತರ್ದವಾಡಿ ಸಾಸಿರವೆಂದು ಹೆಸರಾದ ನಾಡು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ ತೈಲಪನು ಇದನ್ನು ಅಣುಗಜೀವಿತವಾಗಿ ಪಡೆದಿದ್ದನು. ಮುಂದೆ ಅವನೇ ಕಲ್ಯಾಣ ಚಾಲುಕ್ಯರ ರಾಜ್ಯವನ್ನು ಸ್ಥಾಪಿಸಿದನು. ರಾಷ್ಟ್ರಕೂಟ, ಚಾಲುಕ್ಯರ ಆಳಿಕೆಯ ಆ ಶತಮಾನಗಳೇ ಕನ್ನಡ ಜೈನ ಸಾಹಿತ್ಯದ ಉಚ್ಛ್ರಾಯದ ಶತಮಾನಗಳೂ ಹೌದು. 1997ರಲ್ಲಿ ಬಾಗಲಕೋಟೆ ಜಿಲ್ಲೆಯು ಪ್ರತ್ಯೇಕವಾಗುವವರೆಗೆ ಐಹೊಳೆಯೂ ಈ ಜಿಲ್ಲೆಗೇ ಸೇರಿದ್ದಿತು. ಅಲ್ಲಿನ ಮೇಗುಟಿ ಜಿನಾಲಯದಲ್ಲಿರುವ, ಕ್ರಿ. ಶ. 634ರ ರವಿಕೀರ್ತಿಯ ಪ್ರಶಸ್ತಿಯನ್ನು ತಿಳಿಯದ ಜೈನ ವಿದ್ವಾಂಸರಿಲ್ಲ.

ಆ ಪ್ರಶಸ್ತಿಯು ವಿದ್ವತ್ಪ್ರಪಂಚಕ್ಕೆ ಪರಿಚಿತವಾದ ಬಗೆಯೇ ಪ್ರಸ್ತುತ ವಿಷಯಕ್ಕೆ ಪ್ರವೇಶವನ್ನು ಒದಗಿಸುತ್ತದೆ. ಜೇಮ್ಸ್ ಬರ್ಜೆಸ್ ಅವರು 1872ರಲ್ಲಿ ಆರಂಭಿಸಿದ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಜೆ. ಎಫ್. ಫ್ಲೀಟ್ ಅವರು ಅದನ್ನು 1876ರಲ್ಲಿ ಪ್ರಕಟಿಸಿದರು. 1879ರಲ್ಲಿ ತಾವೇ ಅದನ್ನು ಮತ್ತೆ ಪರಿಷ್ಕರಿಸಿದರು. ಅನಂತರ ಕೀಲ್‌ಹಾರ್ನ್ ಅವರು ‘ಎಪಿಗ್ರಾಫಿಯಾ ಇಂಡಿಕಾ’ದ ಆರನೆಯ ಸಂಪುಟದಲ್ಲಿ ಇನ್ನೊಮ್ಮೆ ಸಂಪಾದಿಸಿದರು. ನಿಯತಕಾಲಿಕವೊಂದು ಇದ್ದುದರಿಂದಲೇ ಒಂದು ಪಾಠವು ಮೂರು ಬಾರಿ ಪರೀಕ್ಷೆಗೊಳಗಾಗಿ ಶುದ್ಧವಾಗುವುದು ಸಾಧ್ಯವಾಯಿತು. ಹಸ್ತಪ್ರತಿ ಸಂಪಾದನೆಯಲ್ಲಿ ಪಾಠಾಂತರಗಳಿಗಿರುವ ಸ್ಥಾನವೇ ಶಾಸನಶಾಸ್ತ್ರದಲ್ಲಿ ಇಂಥ ಪುನರ್ವಾಚನಕ್ಕಿದೆ.

ಆ ಕಾಲದಲ್ಲಿ ಇಂಥ ಪತ್ರಿಕೆಗಳ ಲೇಖಕರು ಬಹುಮಟ್ಟಿಗೆ ಅಧಿಕಾರಿಗಳಾಗಿದ್ದರು. ಕ್ರಮೇಣ ನಾಡಿನವರೇ ಸಂಘಟಿತರಾದರು. ಬೆಂಗಳೂರಿನಲ್ಲಿ 1909ರಲ್ಲಿ ಮಿಥಿಕ್ ಸೊಸೈಟಿಯೂ ಧಾರವಾಡದಲ್ಲಿ 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆಯೂ ಹುಟ್ಟಿದವು. ಭಾರತೀಯ ಪುರಾಭಿಲೇಖ ಪರಿಷತ್ತಿನ ಪ್ರಥಮ ಅಧಿವೇಶನವು 1975ರಲ್ಲಿ ಧಾರವಾಡದಲ್ಲಿಯೇ ಜರುಗಿತು. ಅದಾದ ಕೆಲವೇ ವರ್ಷಗಳಲ್ಲಿ ಮೈಸೂರಿನಲ್ಲಿ ಭಾರತೀಯ ಸ್ಥಳನಾಮ ಸಂಘವು ರೂಪುಗೊಂಡಿತು. 1986ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಇತಿಹಾಸ ಅಕಾದೆಮಿಯು ತನ್ನ ವಾರ್ಷಿಕ ಸಮ್ಮೇಳನಗಳಿಂದಲೂ ‘ಇತಿಹಾಸ ದರ್ಶನ’ ಸಂಪುಟಗಳಿಂದಲೂ ಕನ್ನಡದಲ್ಲಿಯೇ ಬರೆಯುವ ಶೋಧಕರಿಗೆ ವೇದಿಕೆಯಾಯಿತು.

ಇಂಥ ಸಂಘಗಳ ವಾರ್ತಾಪುಟವನ್ನು ಪಂಡಿತರು ಸಾಮಾನ್ಯವಾಗಿ ಓದದೆ ಮಗುಚುವುದುಂಟು. ಅಧಿವೇಶನದ ಸ್ಥಳ, ಪ್ರಬಂಧವನ್ನು ಕಳುಹಿಸಬೇಕಾದ ಅವಧಿ, ಲಿಪಿಶಾಸ್ತ್ರದ ಶಿಬಿರ, ಸದಸ್ಯತ್ವದ ನಿಯಮ, ಗತಿಸಿದವರ ಸ್ಮರಣೆ—ಇವು ಶಾಸ್ತ್ರವಿಚಾರಗಳಲ್ಲವೆಂಬುದು ನಿಜ. ಆದರೆ ಗ್ರಾಮದ ಶಾಲೆಯ ಉಪಾಧ್ಯಾಯರಿಗೂ ಬಸದಿಯ ಪುರೋಹಿತರಿಗೂ ಸಂಶೋಧನೆಯ ಬಾಗಿಲು ತೆರೆಯುವುದು ಈ ಪುಟದಿಂದಲೇ. ಹೊಲದ ಬದುವಿನಲ್ಲಿ ಅಕ್ಷರವುಳ್ಳ ಕಲ್ಲೊಂದು ಕಂಡಾಗ ಯಾರಿಗೆ ತಿಳಿಸಬೇಕೆಂಬುದು ಗೊತ್ತಿಲ್ಲದಿದ್ದರೆ ಅದು ಅಡಿಪಾಯದ ಕಲ್ಲಾಗಿ ಹೋಗುತ್ತದೆ. ಮನೆಯ ಅಟ್ಟದ ಮೇಲಿನ ಓಲೆಯ ಕಟ್ಟು ಗೆದ್ದಲಿಗೆ ಆಹಾರವಾಗುತ್ತದೆ. ನಷ್ಟಕ್ಕೆ ಬಹುಪಾಲು ಕಾರಣ ದ್ವೇಷವಲ್ಲ, ವಾರ್ತೆಯ ಅಭಾವ.

ವಿಜಯಪುರದಲ್ಲಿಯೇ ಇದಕ್ಕೆ ಪ್ರತಿಯಾದ ಉಜ್ಜ್ವಲ ಉದಾಹರಣೆಯಿದೆ. ಫ. ಗು. ಹಳಕಟ್ಟಿಯವರು (1880–1964) ವಕೀಲಿ ವೃತ್ತಿಯಲ್ಲಿದ್ದುಕೊಂಡು ವಚನಗಳ ತಾಳೆಯೋಲೆಗಳನ್ನು ಮನೆಮನೆಗಳಿಂದ ಸಂಗ್ರಹಿಸಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ಸಂಗ್ರಹ, ಮುದ್ರಣ, ಪತ್ರಿಕೆ—ಈ ಮೂರೂ ಒಂದೆಡೆ ಕೂಡಿದುದರಿಂದ ಅವರ ಕಾರ್ಯವು ಸ್ಥಿರವಾಗಿ ನಿಂತಿತು. ಜೈನ ಗ್ರಂಥಗಳ ಕ್ಷೇತ್ರದಲ್ಲಿ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ, 1948ರಲ್ಲಿ ಭಾರತೀಯ ಜ್ಞಾನಪೀಠವು ಪ್ರಕಟಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯೂ ಇದೇ ಜಾತಿಯ ಸಾಧನೆ. ಮೂಡುಬಿದಿರೆ ಮೊದಲಾದೆಡೆಗಳ ಭಂಡಾರಗಳಲ್ಲಿ ಏನಿದೆಯೆಂಬುದು ಆ ಸೂಚಿಯಿಂದ ದೂರದ ವಿದ್ವಾಂಸರಿಗೂ ವಿದಿತವಾಯಿತು.

ಶಾಸನ ಸಂಘಗಳಲ್ಲಿ ಹಸ್ತಪ್ರತಿ ಪಂಡಿತರಿಗೆ ಏನು ಕೆಲಸವೆಂಬ ಪ್ರಶ್ನೆಗೆ ಕುರ್ಕ್ಯಾಲ ಶಾಸನವೇ ಉತ್ತರ ಹೇಳುತ್ತದೆ. ಪಂಪನ ವಂಶವನ್ನು ಕುರಿತು ಬಹುಕಾಲ ಅವನ ಕಾವ್ಯಗಳ ಹಸ್ತಪ್ರತಿಗಳೇ ಆಧಾರವಾಗಿದ್ದವು. ತೆಲಂಗಾಣದ ಕರೀಂನಗರ ಸೀಮೆಯ ಬೆಟ್ಟದ ಮೇಲಿನ, ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳ ಆ ಶಾಸನವು ಬೆಳಕಿಗೆ ಬಂದ ಮೇಲೆ ತಮ್ಮ ಜಿನವಲ್ಲಭ, ತಾಯಿ ಅಬ್ಬಣಬ್ಬೆ ಇವರ ಹೆಸರುಗಳು ತಿಳಿದುಬಂದವು. ಓಲೆಯಲ್ಲಿಲ್ಲದುದನ್ನು ಕಲ್ಲು ಹೇಳಿತು. ಓಲೆಯ ಪರಿಚಯವಿದ್ದವರಿಗೆ ಮಾತ್ರ ಆ ಕಲ್ಲಿನ ಮಹತ್ತ್ವವು ಹೊಳೆಯಿತು. ನಿಸಿದಿಗಲ್ಲುಗಳನ್ನು ಓದುವಾಗಲೂ ಇದೇ ನ್ಯಾಯ. ಗಣ, ಗಚ್ಛ, ಅನ್ವಯಗಳ ಕ್ರಮವನ್ನೂ ಸಲ್ಲೇಖನದ ವಿಧಿಯನ್ನೂ ಆಗಮಗಳಿಂದ ಬಲ್ಲವರು ಅಳಿಸಿದ ಅಕ್ಷರಗಳನ್ನು ಊಹಿಸುವುದಕ್ಕೂ ಕೇವಲ ಲಿಪಿಜ್ಞರು ಊಹಿಸುವುದಕ್ಕೂ ಅಂತರವಿದೆ. ಪಿ. ಬಿ. ದೇಸಾಯಿ ಅವರು ದಕ್ಷಿಣ ಭಾರತದ ಜೈನಧರ್ಮವನ್ನೂ ಜೈನ ಶಾಸನಗಳನ್ನೂ ಕುರಿತು ಬರೆದ ಗ್ರಂಥವು 1957ರಲ್ಲಿ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಪ್ರಕಟವಾಯಿತು. ಶಾಸನಜ್ಞರ ಕೃತಿಗೆ ಆಗಮಗ್ರಂಥಗಳ ಮಾಲೆಯು ಆಶ್ರಯ ನೀಡಿದುದು ಈ ಎರಡು ವಿದ್ಯೆಗಳ ಸಹಯೋಗಕ್ಕೆ ಸಾಕ್ಷಿಯಾಗಿದೆ.

ಇತ್ತೀಚಿನ ಅವಕಾಶಗಳೂ ಅಲ್ಪವಲ್ಲ. ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು 2003ರಲ್ಲಿ ಆರಂಭವಾಯಿತು. ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳ ಸಮೀಕ್ಷೆ ಹಾಗೂ ಸಂರಕ್ಷಣೆಯನ್ನು ಉದ್ದೇಶಿಸಿದ ‘ಜ್ಞಾನ ಭಾರತಂ’ ಯೋಜನೆಯನ್ನು ಕೇಂದ್ರ ಸರ್ಕಾರವು 2025ರ ಆಯವ್ಯಯದಲ್ಲಿ ಘೋಷಿಸಿತು. ಒಂದು ಲಕ್ಷ ಶಾಸನಗಳನ್ನು ಮೊದಲ ಹಂತದಲ್ಲಿ ಗಣಕೀಕರಿಸುವ ‘ಭಾರತ್ ಶ್ರೀ’ ಯೋಜನೆಯು 2023ರ ಆಯವ್ಯಯದಲ್ಲಿ ಪ್ರಕಟವಾಗಿದ್ದಿತು. 2024ರ ಅಕ್ಟೋಬರ್‌ನಲ್ಲಿ ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನವು ಲಭಿಸಿತು. ಆದರೆ ಛಾಯಾಚಿತ್ರವು ಪ್ರತಿಯನ್ನು ಉಳಿಸಬಲ್ಲುದೇ ಹೊರತು ಓದಬಲ್ಲವರನ್ನು ಉತ್ಪಾದಿಸಲಾರದು. ಹಳಗನ್ನಡದ ಮೋಡಿಯನ್ನೂ ಪ್ರಾಕೃತ ಗಾಹೆಗಳನ್ನೂ ನಿರಾಯಾಸವಾಗಿ ಓದುವ ಹಿರಿಯರು ವಿರಳವಾಗುತ್ತಿರುವ ಈ ಸಂದರ್ಭದಲ್ಲಿ, ಅಂಥವರ ಬಳಿ ಒಬ್ಬಿಬ್ಬರು ತರುಣರಾದರೂ ಕುಳಿತು ಕಲಿಯದಿದ್ದರೆ ಈ ಯೋಜನೆಗಳ ಫಲವು ಅರ್ಧಕ್ಕೇ ನಿಲ್ಲುವುದು.

ಹಸ್ತಪ್ರತಿಗಳ ಒಡೆಯರಲ್ಲಿರುವ ಭಯವನ್ನೂ ಇಲ್ಲಿ ಗಮನಿಸಬೇಕು. ತೋರಿಸಿದರೆ ಕಳೆದುಕೊಂಡೇವೆಂಬ ಶಂಕೆಯಿಂದ ಎಷ್ಟೋ ಕಟ್ಟುಗಳು ಮುಚ್ಚಿಯೇ ಉಳಿದಿವೆ. 1972ರ ಪ್ರಾಚೀನ ವಸ್ತುಗಳ ಅಧಿನಿಯಮದಂತೆ ಎಪ್ಪತ್ತೈದು ವರ್ಷಗಳಿಗೆ ಕಡಿಮೆಯಿಲ್ಲದ, ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯದ ಹಸ್ತಪ್ರತಿಯು ಪ್ರಾಚೀನ ವಸ್ತುವೆನಿಸುತ್ತದೆ. ಇತರ ವಸ್ತುಗಳಿಗೆ ಈ ಅವಧಿ ನೂರು ವರ್ಷ. ಖಾಸಗಿಯವರು ಅದನ್ನು ವಿದೇಶಕ್ಕೆ ಸಾಗಿಸುವುದು ನಿಷಿದ್ಧ. ಮನೆಯಲ್ಲಿ ಜತನದಿಂದ ಇರಿಸಿಕೊಳ್ಳುವುದು ಮಾತ್ರದಿಂದ ಅಪರಾಧವಾಗದು. ಪ್ರತಿಯನ್ನು ಒಯ್ಯದೆ, ಒಡೆಯರ ಮನೆಯಲ್ಲಿಯೇ ಪರಿಶೀಲಿಸಿ, ಆದಿ ಅಂತ್ಯಗಳನ್ನೂ ಲಿಪಿಕಾರನ ಪ್ರಶಸ್ತಿಯನ್ನೂ ನಕಲು ಮಾಡಿಕೊಂಡು ಬರುವ ಪದ್ಧತಿಯನ್ನು ಸಂಘಗಳ ಸದಸ್ಯರು ಅನುಸರಿಸಿದರೆ ವಿಶ್ವಾಸವು ಬೆಳೆಯುವುದು.

ಸಾರವಾಡದಂಥ ಊರಿಗೆ ಬೇಕಾದುದು ದೊಡ್ಡ ಯೋಜನೆಯಲ್ಲ. ಸಂಘವೊಂದರ ಸದಸ್ಯರಾದ ಒಬ್ಬ ಉಪಾಧ್ಯಾಯರು, ಅವರ ಪತ್ರಕ್ಕೆ ಉತ್ತರಿಸುವ ಒಬ್ಬ ಪಂಡಿತರು, ಅವರ ಶೋಧವನ್ನು ಅಚ್ಚು ಮಾಡುವ ಒಂದು ಪತ್ರಿಕೆ—ಇಷ್ಟಿದ್ದರೆ ಸಾಕು. ಗೋಳಗುಮ್ಮಟದ ನಗಾರಖಾನೆಯಲ್ಲಿ 1892ರಿಂದ ಇರುವ ವಸ್ತುಸಂಗ್ರಹಾಲಯವು ಇಲ್ಲಿಗೆ ಸಮೀಪದಲ್ಲಿಯೇ ಇದೆ. ಊಟಿಯಿಂದ 1966ರಲ್ಲಿ ಸ್ಥಳಾಂತರಗೊಂಡ ಕೇಂದ್ರ ಶಾಸನ ಶಾಖೆಯ ಕಚೇರಿಯು ಮೈಸೂರಿನಲ್ಲಿದೆ. ಕಲ್ಲಿಗೆ ಸುಣ್ಣವನ್ನೋ ಬಣ್ಣವನ್ನೋ ಬಳಿಯದೆ, ಓಲೆಗಳನ್ನು ಬಿಸಿಲಿಗೆ ಹರಡದೆ, ಇದ್ದುದು ಇದ್ದಂತೆ ಉಳಿಸಿ ಬಲ್ಲವರಿಗೆ ತಿಳಿಸುವುದೇ ಮೊದಲ ಕರ್ತವ್ಯ. ಬೆಳ್ಗೊಳದಲ್ಲಿ 144 ಎಂಬ ಸಂಖ್ಯೆಯು 573 ಆದುದು ಹೀಗೆ ನೋಡಿ ತಿಳಿಸಿದವರ ಶ್ರದ್ಧೆಯಿಂದ. ಡೋಣಿಯ ದಂಡೆಯ ಗ್ರಾಮಗಳ ಎಣಿಕೆಯನ್ನು ಅದೇ ಶ್ರದ್ಧೆಯಿಂದ ಮುಂದುವರಿಸುವ ಹೊಣೆಯು ಈ ತಲೆಮಾರಿನ ವಿದ್ವಾಂಸರದಾಗಿದೆ.